ಪ್ರಧಾನ ದಾಳಿಗಾರನ ಬಿಡುಗಡೆ: ಒಂದು ವಿವೇಚನೆ

ಗದಗ, ಮುಂಡರಗಿಗಳ ಕಾಲೇಜು ಕಬಡ್ಡಿ ತಂಡಗಳಿಂದ ಪ್ರಧಾನ ದಾಳಿಗಾರನು ಪದವಿ ಮುಗಿಸಿ ತೆರಳುತ್ತಾನೆ. ವೃತ್ತಿಪರ ತಂಡವು ಅವನನ್ನು ತಾನಾಗಿಯೇ ಬಿಡಬಲ್ಲದು. ಅದು ಯುಕ್ತವೆ? 2019ರ ಜನವರಿಯ ಅಂತಿಮ ಪಂದ್ಯದಲ್ಲಿ 22 ಅಂಕ ಗಳಿಸಿ ಪ್ರೊ ಕಬಡ್ಡಿ ಪ್ರಶಸ್ತಿ ತಂದಿತ್ತ ಪವನ್ ಸೆಹ್ರಾವತ್ ಅವರನ್ನು ಬೆಂಗಳೂರು ಬುಲ್ಸ್ 2022ರ ಹರಾಜಿಗೆ ಮುನ್ನ ಬಿಟ್ಟಿತು. ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿ ತೆತ್ತಿತು, ಬುಲ್ಸ್ 1.70 ಕೋಟಿಗೆ ವಿಕಾಸ್ ಕಂಡೋಲ ಅವರನ್ನು ಪಡೆಯಿತು.

ಹೋದವನ ಅಂಕಗಳೆಲ್ಲವೂ ನಷ್ಟವಲ್ಲ. ತಂಡಕ್ಕೆ ದೊರೆಯುವ ದಾಳಿಗಳು ಪರಿಮಿತ. ಅವನ ಪಾಲಿನವು ಇತರರಿಗೆ ಸಲ್ಲುತ್ತವೆ. ಗಳಿಕೆಯ ಅಂತರವಷ್ಟೇ ನಷ್ಟ. ಆ ವರ್ಷ ಭಾರ ಹೊತ್ತವರು ದುಬಾರಿ ಕಂಡೋಲ ಅವರಲ್ಲ, ಭರತ್ ಹೂಡಾ: 279 ದಾಳಿ ಅಂಕಗಳು. ಬುಲ್ಸ್ ಉಪಾಂತ್ಯ ತಲುಪಿತು. ಪವನ್ ಮೊದಲ ಪಂದ್ಯದಲ್ಲೇ ಗಾಯಗೊಂಡು ಹೊರಗುಳಿದರು. ಈ ಗಾಯವನ್ನು ನಿರ್ಧಾರದ ಜಾಣ್ಮೆಗೆ ಸಾಕ್ಷ್ಯವೆನ್ನಲಾಗದು. ಭರತ್ ಹಿಂದಿನ ಆವೃತ್ತಿಯಿಂದಲೇ ತಂಡದಲ್ಲಿದ್ದುದನ್ನು ಎನ್ನಬಹುದು.