ಗುಡುಗಿದರೆ ಗೆಳತಿಯನ್ನು ಕಳಿಸಬೇಡಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಯಲು ಸೀಮೆ. ಇಲ್ಲಿ ಮಳೆ ಕಡಿಮೆ. ಬೇಸಿಗೆಯಲ್ಲಿ ಹೊಲದ ಕೆಲಸವೂ ಕಡಿಮೆ. ಆಗ ನಾವು ಗೆಳತಿಯರ ಊರಿಗೆ ಹೋಗ್ತೇವೆ.

ಏಪ್ರಿಲ್ ಕೊನೆಗೆ ಭರಣಿ ಮಳೆಯ ಕಾಲ. ಹಗಲು ಸುಡು ಬಿಸಿಲು. ಸಂಜೆಗೆ ಮೋಡ ಕವಿಯುತ್ತದೆ, ಗುಡುಗುತ್ತದೆ. ಮಳೆ ಬಂತು ಅಂತ ನಮಗೆ ಸಂತೋಷ. ಆದರೆ ಜೊತೆಗೆ ಸಿಡಿಲೂ ಬರುತ್ತದೆ.

ಸಿಡಿಲು ಹೆಚ್ಚಾಗಿ ಎತ್ತರ ಇರುವುದಕ್ಕೆ ಹೊಡೆಯುತ್ತದೆ. ಬಯಲಿನಲ್ಲಿ ಒಂಟಿ ಮರವೇ ಎತ್ತರ. ಅದರ ಕೆಳಗೆ ನಿಲ್ಲಬಾರದು. ಗುಡುಗು ಕೇಳಿದ ಕೂಡಲೇ ಮನೆಯೊಳಗೆ ಹೋಗೋಣ. ಗುಡುಗು ನಿಂತು 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಇರುವುದಿಲ್ಲ. ಮುಟ್ಟಲು ಹೆದರಬೇಡಿ. 108ಕ್ಕೆ ಫೋನ್ ಮಾಡಿ, ಬೇಗ ಆಸ್ಪತ್ರೆಗೆ ಸೇರಿಸೋಣ.

ಗುಡುಗುವಾಗ ಹೊರಟ ಗೆಳತಿಯನ್ನು ತಡೆಯೋಣ. "ಬಸ್ಸು ಹೋದ್ರೆ ಹೋಗ್ಲಿ, ಇವತ್ತು ಇದ್ದು ಹೋಗಕ್ಕಾ" ಅನ್ನೋಣ.