ಗುಂಟೆ ಲೆಕ್ಕಕ್ಕೊಂದು ಪರೀಕ್ಷೆ

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯ ರೈತರೊಬ್ಬರಿಗೆ 2 ಎಕರೆ 20 ಗುಂಟೆ ಹೊಲ ಇದೆ ಎನ್ನಿ. 1 ಎಕರೆ 30 ಗುಂಟೆ ಮಾರಿದರೆ ಉಳಿಯುವುದೆಷ್ಟು? ಎಕರೆಗೆ 40 ಗುಂಟೆ. ಹಾಗಾಗಿ 30 ಗುಂಟೆ. ಆದರೆ ಪಹಣಿಯಲ್ಲಿ ಚುಕ್ಕಿಯಿಟ್ಟು ಬರೆದ ವಿಸ್ತೀರ್ಣವನ್ನು ದಶಮಾಂಶವೆಂದು ತಿಳಿದ ತಂತ್ರಾಂಶ 2.20ರಲ್ಲಿ 1.30 ಕಳೆದು 0.90 ಎನ್ನುತ್ತದೆ. ಅದನ್ನು 90 ಗುಂಟೆ ಎಂದು ಓದಿದರೆ ಇಲ್ಲದ 60 ಗುಂಟೆ ಹುಟ್ಟಿಕೊಂಡಿತು!

‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ಇಂಥ ದಾಖಲೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿದ ಕೋಷ್ಟಕಗಳಲ್ಲಿ ಇಡುವುದು ರಿಲೇಶನಲ್ ಡೇಟಾಬೇಸ್‌ನ ರೀತಿ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ್ದು. ಸರ್ವೆ ನಂಬರು ಒಂದು ಕೋಷ್ಟಕದಲ್ಲಿ, ಖಾತೆದಾರ ಇನ್ನೊಂದರಲ್ಲಿ, ಋಣಭಾರ ಮತ್ತೊಂದರಲ್ಲಿ ಇರಬಹುದು.

ಕ್ಯಾಲ್ಕುಲೇಟರನ್ನು ಪರೀಕ್ಷಿಸಲು ಉತ್ತರ ನೋಡಿದರೆ ಸಾಕು. ಡೇಟಾಬೇಸ್ ಬಳಸುವ ತಂತ್ರಾಂಶಕ್ಕೆ ಅಷ್ಟು ಸಾಲದು. ಪರದೆಯ ಮೇಲೆ ‘ಮ್ಯುಟೇಶನ್ ಆಯಿತು’ ಎಂದು ಬಂದರೂ ಒಳಗಿನ ಕೋಷ್ಟಕ ಕೆಟ್ಟಿರಬಹುದು. ಆದ್ದರಿಂದ ಸ್ವಯಂಚಾಲಿತ ಪರೀಕ್ಷೆ ಮೊದಲು ಅಸಲಿ ದಾಖಲೆ ಮುಟ್ಟದೆ, ಕಲ್ಪಿತ ಖಾತೆಗಳ ಪುಟ್ಟ ಡೇಟಾಬೇಸ್ ಕಟ್ಟುತ್ತದೆ. ಮಾರಾಟ ನಡೆಸುತ್ತದೆ. ಆಮೇಲೆ ಕೋಷ್ಟಕಗಳನ್ನೇ ಕೆದಕುತ್ತದೆ: ಮಾರಿದವರ, ಕೊಂಡವರ ಪಾಲು ಕೂಡಿದರೆ ಮೊದಲಿನ 100 ಗುಂಟೆ ಆಗುತ್ತದೆಯೇ? ಪಕ್ಕದ ಹಿಸ್ಸಾ ಇದ್ದಂತೆಯೇ ಇದೆಯೇ? ಬ್ಯಾಂಕಿನ ಸಾಲದ ನಮೂದು ಮಾಯವಾಗಿಲ್ಲವಷ್ಟೆ? ಕೊನೆಗೆ ಎಲ್ಲವನ್ನೂ ಅಳಿಸಿ ಮುಂದಿನ ಪರೀಕ್ಷೆಗೆ ಹೊಸದಾಗಿ ಶುರುಮಾಡುತ್ತದೆ.

ಕಷ್ಟದ ಸಂದರ್ಭಗಳನ್ನು ಬೇಕೆಂದೇ ಹುಡುಕಬೇಕು. ಮಾರಿದವರ ಪಾಲು ಕಳೆದು, ಕೊಂಡವರಿಗೆ ಸೇರಿಸುವ ಮೊದಲೇ ಕರೆಂಟು ಹೋದರೆ? ಎರಡೂ ಕೆಲಸ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಅದೇ 1 ಎಕರೆ 30 ಗುಂಟೆಯನ್ನು ಎರಡು ಕೌಂಟರುಗಳಲ್ಲಿ ಒಂದೇ ಕ್ಷಣಕ್ಕೆ ಇಬ್ಬರ ಹೆಸರಿಗೆ ಏರಿಸಿದರೆ? ಒಂದು ತಿರಸ್ಕೃತವಾಗಲೇಬೇಕು. ಇದನ್ನೆಲ್ಲ ತಂತ್ರಾಂಶದ ಪ್ರತಿ ಬದಲಾವಣೆಯ ನಂತರವೂ ಕೈಯಿಂದ ಮಾಡಲಾಗದು. ಯಂತ್ರ ಬೇಸರವಿಲ್ಲದೆ ಮಾಡುತ್ತದೆ.

ಆದರೆ ಹಳೆಯ ಕೈಬರಹದ 3 ಎಕರೆಯನ್ನು 8 ಎಂದು ಓದಿ ಏರಿಸಿದ್ದರೆ ಕೂಡು-ಕಳೆ ಎಲ್ಲವೂ ತಾಳೆಯಾಗುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ. ಆ ತಪ್ಪು ಹಿಡಿಯಲು ಪಹಣಿ ಓದುವ ರೈತ ಬೇಕು, ಹೊಲ ಅಳೆಯುವ ಸರ್ವೇಯರ್ ಬೇಕು.