ಬಾಗಿಲಿಗೆ ಬರುತ್ತಿದ್ದ ಕಸುಬುಗಳು

ಮನೆಯ ಅಟ್ಟ ಹತ್ತಿ ನೋಡಿದರೆ ಒಂದಲ್ಲ ಒಂದು ತಾಮ್ರದ ಹಂಡೆ, ಹಿತ್ತಾಳೆಯ ಕೊಳದಪ್ಪಲೆ ಮಂಕಾಗಿ ಕುಳಿತಿರುತ್ತದೆ. ಕೊಡೆಯ ಕಡ್ಡಿ ಮುರಿದಿದೆ, ಈಳಿಗೆ ಮೊಂಡಾಗಿದೆ, ಹಾಸಿಗೆಯ ಹತ್ತಿ ಗಂಟುಗಂಟಾಗಿ ಬೆನ್ನಿಗೆ ಒತ್ತುತ್ತದೆ. ಹಿತ್ತಲಿನ ತೆಂಗಿನಮರದಲ್ಲಿ ಕಾಯಿ ಬಲಿತು ಒಣಗಿ, ಯಾವಾಗ ಯಾರ ತಲೆಯ ಮೇಲೆ ಬೀಳುತ್ತದೋ ಎಂಬ ಭಯ. ಇವು ಯಾವುವೂ ದೊಡ್ಡ ಕೆಲಸಗಳಲ್ಲ. ಕೊಡಲು ಕಾಸಿಲ್ಲವೆಂದೂ ಅಲ್ಲ. ಮಾಡುವವರು ಸಿಗುವುದಿಲ್ಲ, ಅಷ್ಟೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಕಾಂಪೌಂಡಿನ ಬಳಿ ನಾವು ಎಲ್ಲರಿಗೂ ಹೇಳುವ ಮಾತು ಒಂದೇ: ‘ಯಾರಾದರೂ ಇದ್ದರೆ ಸ್ವಲ್ಪ ಹೇಳಿ.’

ಈ ಮಾತಿನ ಹಿಂದೆ ಒಂದು ನೆನಪು ಇದೆ. ಒಂದಾನೊಂದು ಕಾಲದಲ್ಲಿ ಇವರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಅವರೇ ಬಾಗಿಲಿಗೆ ಬರುತ್ತಿದ್ದರು ಎಂಬ ನೆನಪು ಅದು. ನೆನಪು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ.

ಕಲಾಯಿಯವನನ್ನೇ ತೆಗೆದುಕೊಳ್ಳಿ. ಬೀದಿಯ ಮರದ ಕೆಳಗೆ ಆತ ಸಣ್ಣ ಗುಳಿ ತೋಡಿ, ಇದ್ದಿಲು ತುಂಬಿ, ತಿದಿ ಹೂಡುತ್ತಿದ್ದ. ಪಾತ್ರೆಯನ್ನು ಮರಳು ಹಾಕಿ ತಿಕ್ಕಿ, ಬೆಂಕಿಯ ಮೇಲಿಟ್ಟು ಕಾಯಿಸಿ, ನವಸಾಗರದ ಪುಡಿ ಉದುರಿಸಿದರೆ ಭುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಆ ಪುಡಿ ಲೋಹದ ಮೈಮೇಲಿನ ಕೊಳೆಯ ಪದರವನ್ನು ಕಳೆದುಬಿಡುತ್ತದೆ. ಕೂಡಲೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಸರ್ರನೆ ಒರೆಸಿದರೆ ಕಪ್ಪಾಗಿದ್ದ ಪಾತ್ರೆಯ ಒಳಗು ಬೆಳ್ಳಿಯಂತೆ ಹೊಳೆಯುತ್ತಿತ್ತು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಇಷ್ಟು ಸಣ್ಣ ಒಲೆಯೇ ಅದಕ್ಕೆ ಸಾಕು. ಇದು ಬರಿಯ ಅಂದದ ಕೆಲಸವಾಗಿರಲಿಲ್ಲ. ಹುಣಸೆಹುಳಿ, ಮಜ್ಜಿಗೆ ಮುಂತಾದ ಹುಳಿ ಪದಾರ್ಥಗಳು ತಾಮ್ರ, ಹಿತ್ತಾಳೆಗಳಿಗೆ ನೇರವಾಗಿ ತಾಗಿದರೆ ಕಿಲುಬು ಹುಟ್ಟುತ್ತದೆ, ಉಂಡವರಿಗೆ ವಾಂತಿ, ಹೊಟ್ಟೆನೋವು. ಮನೆಮಂದಿಯ ಹೊಟ್ಟೆಯ ಆರೋಗ್ಯ ಆ ತೆಳುವಾದ ತವರದ ಪದರದ ಮೇಲೆ ನಿಂತಿತ್ತು. ಸ್ಟೇನ್‌ಲೆಸ್ ಸ್ಟೀಲ್ ಅಡುಗೆಮನೆಗೆ ಕಾಲಿಟ್ಟ ಮೇಲೆ ಆ ಪದರವೂ ಬೇಡವಾಯಿತು, ಅದನ್ನು ಹಚ್ಚುವ ಕೈಯೂ ಬೇಡವಾಯಿತು.

ಹಾಗೆಯೇ ಪಿಂಜಾರರು. ಉದ್ದನೆಯ ಬಿಲ್ಲಿನಂಥ ಸಲಕರಣೆಯನ್ನು ಹೆಗಲಿಗೇರಿಸಿ ಬಂದು, ಅದರ ತಂತಿಯನ್ನು ಮರದ ಹಿಡಿಯಿಂದ ಮೀಟುತ್ತ, ಗಂಟುಕಟ್ಟಿದ ಹತ್ತಿಯನ್ನು ಮೋಡದಂತೆ ಹಿಂಜುತ್ತಿದ್ದರು. ಫೋಮಿನ ಹಾಸಿಗೆ ಬಂದು ಆ ‘ಟಂಯ್ ಟಂಯ್’ ಸದ್ದು ಅಡಗಿತು. ನುಣುಪಾದ ಒರಳುಕಲ್ಲಿಗೆ ಉಳಿ–ಸುತ್ತಿಗೆ ಹಿಡಿದು ಗುಳಿಗಳನ್ನು ಮೂಡಿಸುತ್ತಿದ್ದವರನ್ನು ಮಿಕ್ಸಿ, ಗ್ರೈಂಡರುಗಳು ಮನೆಗೆ ಕಳಿಸಿದವು. ಸಾಣೆ ಹಿಡಿಯುವವನು ಮಾತ್ರ ಚಕ್ರವನ್ನು ಸೈಕಲ್ಲಿಗೆ ಕಟ್ಟಿಕೊಂಡು ಇನ್ನೂ ಅಲ್ಲಲ್ಲಿ ಕಾಣಿಸುತ್ತಾನೆ.

ಇವರೆಲ್ಲ ಊರೂರು ತಿರುಗುವವರು. ಊರಿನಲ್ಲೇ ನೆಲೆ ನಿಂತ ಕಸುಬುದಾರರ ಕತೆ ಬೇರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇಲ್ಲಿನ ಹಳ್ಳಿಗಳ ಹನ್ನೆರಡು ಆಯಗಾರರನ್ನು ಕುರಿತು ಬರೆದಿದ್ದಾನೆ. ಗೌಡ, ಶಾನುಭೋಗರಿಂದ ಹಿಡಿದು ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿಯವರೆಗೆ ಈ ಪಟ್ಟಿ ಸಾಗುತ್ತದೆ. ಪ್ರದೇಶದಿಂದ ಪ್ರದೇಶಕ್ಕೆ ಒಂದೆರಡು ಹೆಸರು ಬದಲಾಗುವುದುಂಟು. ಇವರಿಗೆ ಕೆಲಸಕ್ಕಿಷ್ಟು ಎಂಬ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಕೊಡುತ್ತಿದ್ದ ದವಸವೇ ಆಯ. ಕೆಲವರಿಗೆ ಇನಾಮು ಜಮೀನೂ ಇರುತ್ತಿತ್ತು. ರೈತನ ನೇಗಿಲ ಗುಳ ಸವೆದರೆ ಕಮ್ಮಾರ ತಟ್ಟಿ ಕೊಡಬೇಕು, ಮೈಲಿಗೆ ಬಟ್ಟೆಯನ್ನು ಅಗಸರು ಒಯ್ಯಬೇಕು, ಮದುವೆಯಲ್ಲಿ, ಸಾವಿನಲ್ಲಿ ಕ್ಷೌರಿಕ ಇರಲೇಬೇಕು. ವರ್ಷವಿಡೀ ಸೇವೆ, ವರ್ಷಕ್ಕೊಮ್ಮೆ ಲೆಕ್ಕ.

ಇಂದು ಪ್ಲಂಬರಿಗಾಗಿ ನಾಲ್ಕು ದಿನ ಕಾದು ಬೇಸತ್ತವರಿಗೆ ಇದು ರಾಮರಾಜ್ಯದಂತೆ ಕಾಣಬಹುದು. ಆದರೆ ಈ ಲೆಕ್ಕಕ್ಕೆ ಇನ್ನೊಂದು ಪುಟವಿದೆ. ಕರೆದಾಗ ಬರುತ್ತಿದ್ದವನಿಗೆ ‘ಬರುವುದಿಲ್ಲ’ ಎನ್ನುವ ಹಕ್ಕು ಹೆಚ್ಚುಕಡಿಮೆ ಇರಲೇ ಇಲ್ಲ. ಅಗಸರ ಮಗ ಅಗಸನೇ, ತೋಟಿಯ ಮಗ ತೋಟಿಯೇ. ಮಳೆ ಹೋಗಿ ಕಣ ಬರಿದಾದ ವರ್ಷ ಆಯವೂ ಬರಿದು. ಹನ್ನೆರಡು ಮಂದಿಯೂ ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲ. ಶಾನುಭೋಗರು ಜಗಲಿಯ ಮೇಲೆ, ತೋಟಿ ಊರಾಚೆ. ಅಧಿಕಾರಿಗಳ ಬಿಟ್ಟಿಚಾಕರಿಯೂ ತಳದಲ್ಲಿದ್ದವರ ತಲೆಗೇ ಬೀಳುತ್ತಿತ್ತು.

ಸೇವೆ ಪಡೆಯುವವರ ಪಟ್ಟಿಯೂ ಜಾತಿಯಿಂದಲೇ ಗೊತ್ತಾಗಿತ್ತು. ಊರಿಗೆಲ್ಲ ಕ್ಷೌರ ಮಾಡುವ ಕತ್ತರಿ ದಲಿತರ ಕೇರಿಗೆ ಬರುತ್ತಿರಲಿಲ್ಲ, ಅವರ ಬಟ್ಟೆ ಊರ ಅಗಸರ ಗಂಟಿಗೆ ಸೇರುತ್ತಿರಲಿಲ್ಲ. ‘ಕಾಸು ಕೊಡುತ್ತೇನೆ, ಕೆಲಸ ಮಾಡಿಕೊಡಿ’ ಎನ್ನುವುದಷ್ಟೇ ಸಾಕಾಗದ ಜನ ಈ ದೇಶದಲ್ಲಿ ಲಕ್ಷಾಂತರ ಇದ್ದರು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಕ್ಷೌರ ನಿರಾಕರಿಸಿದ ವರದಿಗಳು ನಮ್ಮ ರಾಜ್ಯದ ಹಳ್ಳಿಗಳಿಂದ ಈಚಿನ ವರ್ಷಗಳಲ್ಲೂ ಬಂದಿವೆ. ಮನೆಬಾಗಿಲ ಸೇವೆಯ ಬಗ್ಗೆ ಹಂಬಲಿಸುವಾಗ ಈ ಮಾತನ್ನು ಬದಿಗಿಡುವಂತಿಲ್ಲ.

ಹಾಗೆಂದು ಈ ಕಸುಬುಗಳಿಗೆ ಮಾನ ತಂದುಕೊಡುವ ಯತ್ನ ಕನ್ನಡ ನಾಡಿನಲ್ಲಿ ಆಗಲಿಲ್ಲವೆಂದಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ ತಮ್ಮ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ವಚನಕಾರರಾಗಿ ನಿಂತರು. ಬಟ್ಟೆ ಒಗೆಯುವವನ ಮಾತಿಗೂ ಮಂತ್ರಿಯ ಮಾತಿಗೂ ಅಲ್ಲಿ ಸಮಾನ ತೂಕವಿತ್ತು. ಆಯದ ವ್ಯವಸ್ಥೆಯಾದರೋ ಅದಾದ ಮೇಲೂ ಶತಮಾನಗಳ ಕಾಲ ಉಳಿದುಕೊಂಡಿತು.

ಅದನ್ನು ಸಡಿಲಿಸಿದ್ದು ಕಾನೂನು, ಹಣ ಮತ್ತು ಶಾಲೆ, ಈ ಮೂರೂ ಕೂಡಿ. ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು, 1963ರ ಫೆಬ್ರುವರಿಯಿಂದ ಜಾರಿಯಾಯಿತು. ಪಟೇಲ, ಶಾನುಭೋಗ, ತಳವಾರ, ತೋಟಿ ಮುಂತಾದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಕಮ್ಮಾರ, ಅಗಸ, ಕ್ಷೌರಿಕರ ಮಕ್ಕಳು ಶಾಲೆಗೆ ಹೋದರು. ಕಸುಬಿನಲ್ಲಿ ಉಳಿದವರು ಪೇಟೆಯಲ್ಲಿ ಅಂಗಡಿ ತೆರೆದು, ಗೋಡೆಗೆ ದರಪಟ್ಟಿ ತೂಗುಹಾಕಿದರು. ಅವರು ಬಾಗಿಲಿಗೆ ಬರುವುದು ನಿಂತು, ನಾವು ಅವರ ಬಾಗಿಲಿಗೆ ಹೋಗುವುದು ಶುರುವಾಯಿತು. ಇದನ್ನು ನಷ್ಟವೆನ್ನುವ ಮೊದಲು ಯಾರಿಗೆ ನಷ್ಟ ಎಂದು ಕೇಳಿಕೊಳ್ಳಬೇಕು.

ನಿಜವಾದ ನಷ್ಟ ಎನ್ನಬಹುದಾದ್ದು ತಿಳಿವಳಿಕೆಯದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಕಾಸು ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಪಡೆದ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು, ಎಷ್ಟೋ ತಾಯಂದಿರ ಪ್ರಾಣ ಉಳಿಯಿತು. ಆದರೆ ಹೆರಿಗೆಯ ನಂತರ ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆ ನೀರು ಹೊಯ್ದು, ಕಾಲ ಮೇಲೆ ಕೂಸನ್ನು ಮಲಗಿಸಿ ಎರೆಯುವ ಕೈಗಳಿಗೆ ಆಸ್ಪತ್ರೆಯಲ್ಲಿ ಬದಲಿಯಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಗರ್ಭಿಣಿಯರು ಎಲ್ಲಕ್ಕಿಂತ ಮೊದಲು ಹುಡುಕುವುದು ಮಗುವಿಗೆ ಎರೆಯಲು ಬರುವ ಅಜ್ಜಿಯೊಬ್ಬರನ್ನು.

ತೆಂಗಿನಮರದ ಕತೆಯೂ ಹೀಗೆಯೇ. ಮರ ಹತ್ತುವವರ ಕೊರತೆ ಎಷ್ಟು ಬಿಗಡಾಯಿಸಿತೆಂದರೆ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿ, ಯುವಕ ಯುವತಿಯರಿಗೆ ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಕಲಿಸಬೇಕಾಯಿತು. ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ಅಡಕೆಮರ ಏರುವ ಬೈಕನ್ನೇ ತಯಾರಿಸಿ ಸುದ್ದಿಯಾದರು. ಕಾಲು ಜಾರಿದರೆ ಬದುಕೇ ಮುಗಿಯುವ ಕೆಲಸಕ್ಕೆ ನಾವು ತಲೆಮಾರುಗಳಿಂದ ಕೊಟ್ಟ ಬೆಲೆ ಮರಕ್ಕೆ ಒಂದೆರಡು ಕಾಯಿ. ಹತ್ತುವವರ ಮಕ್ಕಳು ಬೇರೆ ಕೆಲಸ ಹಿಡಿದರೆ ಅಚ್ಚರಿಪಡುವಂಥದ್ದೇನಿಲ್ಲ.

ಈಗ ಬಾಗಿಲ ಸೇವೆ ಮೊಬೈಲಿನ ಮೂಲಕ ಮರಳಿದೆ. ಬಡಗಿ, ಪ್ಲಂಬರು, ಕ್ಷೌರ, ಬ್ಯೂಟಿ ಪಾರ್ಲರು ಎಲ್ಲವನ್ನೂ ಬೆರಳ ತುದಿಯಲ್ಲಿ ಕರೆಯಬಹುದು. 2025ರ ಮಾರ್ಚಿನಲ್ಲಿ ಒಂದು ಕಂಪನಿ 15 ನಿಮಿಷದಲ್ಲಿ ಮನೆಗೆಲಸದವರನ್ನು ಕಳಿಸುವ ಸೇವೆ ಆರಂಭಿಸಿ, ಅದಕ್ಕಿಟ್ಟ ಹೆಸರಿಗೆ ಆಕ್ಷೇಪ ಬಂದಾಗ ಹೆಸರು ಬದಲಿಸಿತು. ಹೆಸರೇನೋ ಬದಲಾಯಿತು. 15 ನಿಮಿಷದಲ್ಲಿ ಬರಬೇಕಾದ ಹೆಂಗಸು ಆ ಕರೆಯ ತನಕ ಎಲ್ಲಿ ಕುಳಿತಿರಬೇಕು, ಕಾದ ಹೊತ್ತಿಗೆ ಅವಳಿಗೇನು ಸಿಗಬೇಕು ಎಂಬ ಪ್ರಶ್ನೆ ಬದಲಾಗಲಿಲ್ಲ.

ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರ ಹಕ್ಕುಗಳ ಒಪ್ಪಂದವನ್ನು ಅಂಗೀಕರಿಸಿದಾಗ ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ಅನುಮೋದಿಸಿಲ್ಲ. ಆ್ಯಪ್‌ಗಳ ಮೂಲಕ ದುಡಿಯುವವರ ಸಾಮಾಜಿಕ ಭದ್ರತೆಗಾಗಿ ನಮ್ಮ ರಾಜ್ಯ 2025ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಅದರಂತೆ ಕಂಪನಿಗಳು ಕಲ್ಯಾಣ ನಿಧಿಗೆ ಶುಲ್ಕ ಕಟ್ಟಬೇಕು. ಸುಗ್ಗಿಯ ಆಯಕ್ಕೂ ಈ ಶುಲ್ಕಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ: ಇದು ದಯೆಯಲ್ಲ, ಹಕ್ಕು.

ಬಾಗಿಲಿಗೆ ಬರುವ ಸೇವೆ ಮರ್ಯಾದೆಯಿಂದ ನಡೆಯಬಹುದು ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ನಮ್ಮ ಅಂಚೆಯವರು. ಪಿಂಚಣಿದಾರರು ಬದುಕಿರುವುದಕ್ಕೆ ವರ್ಷಕ್ಕೊಮ್ಮೆ ಕೊಡಬೇಕಾದ ಪ್ರಮಾಣಪತ್ರವನ್ನು 2020ರಿಂದ ಅವರು ಮನೆಗೇ ಬಂದು ಮಾಡಿಕೊಡುತ್ತಾರೆ. ಮೊದಲು ಗೊತ್ತುಮಾಡಿದ ಶುಲ್ಕ 70 ರೂಪಾಯಿ. ಕೈಯಲ್ಲಿ ಪುಟ್ಟ ಯಂತ್ರ, ಒಂದು ಬೆರಳಚ್ಚು, ಕೆಲಸ ಮುಗಿಯಿತು. ಬರುವವರಿಗೆ ಸಂಬಳವಿದೆ, ರಜೆಯಿದೆ, ಸಮವಸ್ತ್ರವಿದೆ. ಅವರನ್ನು ಯಾರೂ ಹಿತ್ತಿಲ ಬಾಗಿಲಿನಿಂದ ಬಾ ಎನ್ನುವುದಿಲ್ಲ. ಕುರ್ಚಿ ಕೊಟ್ಟು, ‘ಕಾಫಿ ಕುಡಿದು ಹೋಗಿ ಸಾರ್’ ಎನ್ನುತ್ತಾರೆ.

ಮರ ಹತ್ತುವವರಿಗೂ, ಮಗುವಿಗೆ ಎರೆಯುವ ಅಜ್ಜಿಗೂ, ಕಲಾಯಿ ಹಾಕುವವರು ಸಿಕ್ಕಿದರೆ ಅವರಿಗೂ ಆ ಕುರ್ಚಿ ಕೊಡುವ ಮನೆಗಳು ಎಷ್ಟಿವೆ? ‘ಯಾರಾದರೂ ಇದ್ದರೆ ಹೇಳಿ’ ಎಂದು ಕೇಳುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.